ಕೊಕ್ಕರೆ ಬೆಳ್ಳೂರಿನ ಸ್ಟೇಟಸ್ಸು

ಸ್ಟೋರೇಜ್ ಫುಲ್ ಅಂತ ಸೆಟ್ಟು ತಂದು ಕೌಂಟರ್ ಮೇಲಿಟ್ಟರೆ ಸಾಕು, ಗ್ಯಾಲರಿ ತೆಗೆದ ಕೂಡಲೇ ಅದರ ಯಜಮಾನರಿಗೆ ಎಷ್ಟು ವಯಸ್ಸು ಅಂತ ಹೇಳಿಬಿಡಬಲ್ಲೆ. ಗುಲಾಬಿ ಹೂವು, ಹೊಗೆಯಾಡುವ ಕಾಫಿ ಲೋಟ, ಮಲೆ ಮಾದಪ್ಪ, ಅದರ ಮೇಲೆ ದಪ್ಪಕ್ಷರದಲ್ಲಿ ‘ಶುಭೋದಯ’. ಇಂಥವು ರಾಶಿ ಬಿದ್ದಿದ್ದರೆ ಐವತ್ತೈದು ದಾಟಿದ ಗಂಡಸರ ಸೆಟ್ಟು. ಮದುವೆ, ನಾಮಕರಣ, ಬೀಗರ ಔತಣ, ಮುಖಂಡರ ಭುಜಕ್ಕೆ ಭುಜ ತಾಗಿಸಿ ನಿಂತ ಫೋಟೊಗಳಿದ್ದರೆ ಮೂವತ್ತೈದರಿಂದ ಐವತ್ತರ ನಡುವಿನವರದು. ಹದಿನೈದು ಸೆಕೆಂಡಿನ ಒಂದೇ ವಿಡಿಯೊ, ಅದೇ ಅಂಗಿ, ಅದೇ ಗೋಡೆ, ಹತ್ತಾರು ಸಲ ತೆಗೆದದ್ದು, ಜೊತೆಗೆ ಲೆಕ್ಕವಿಲ್ಲದಷ್ಟು ಸ್ಕ್ರೀನ್‌ಶಾಟು ಇದ್ದರೆ ಇನ್ನೂ ಇಪ್ಪತ್ತು ತುಂಬಿಲ್ಲ ಅಂತ ಅರ್ಥ. ಅಜ್ಜಿಯರ ಸೆಟ್ಟಿನ ಗ್ಯಾಲರಿಯಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಅವರ ಜಾಗವನ್ನೆಲ್ಲ ತಿಂದಿರುವುದು ವಾಯ್ಸ್ ಮೆಸೇಜು.

ನನ್ನದು ಕೊಕ್ಕರೆ ಬೆಳ್ಳೂರಿನಲ್ಲಿ ಸಣ್ಣ ಮೊಬೈಲ್ ಅಂಗಡಿ. ಕರೆನ್ಸಿ ಹಾಕುವುದು, ಜೆರಾಕ್ಸು, ಸ್ಕ್ರೀನ್ ಗಾರ್ಡು, ಚಾರ್ಜರು, ಹಾಳಾದ ಸೆಟ್ಟನ್ನು ಮದ್ದೂರಿಗೆ ಕಳಿಸಿ ರಿಪೇರಿ ಮಾಡಿಸಿ ತರಿಸುವುದು. ಮೊದಲು ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವುದರಲ್ಲೇ ಅಂಗಡಿ ಬಾಡಿಗೆ ಹುಟ್ಟುತ್ತಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ನೆಟ್ಟು ಅಗ್ಗವಾಯಿತು, ಆ ವ್ಯಾಪಾರ ಮುಗಿಯಿತು. ಅದರ ಬದಲಿಗೆ ಬಂದ ಕೆಲಸಕ್ಕೆ ಹೆಸರಿಲ್ಲ, ಕೂಲಿಯೂ ಇಲ್ಲ. ‘ಇದ್ಯಾಕಣ್ಣ ಹಿಂಗಾಯ್ತದೆ’ ಅಂತ ಕೇಳಿಕೊಂಡು ಬರುವವರಿಗೆ ಉತ್ತರ ಹೇಳುವುದು. ಯಾರ ಸೆಟ್ಟಿನಲ್ಲಿ ಏನಿದೆ ಎನ್ನುವುದನ್ನು ಅಂಗಡಿ ಬಾಗಿಲು ದಾಟಿಸಬಾರದು, ಅದು ಈ ಕಸುಬಿನ ಮಟ್ಟಿಗೆ ದೊಡ್ಡ ನಿಯಮ. ಹಾಗಾಗಿ ಇಲ್ಲಿ ಯಾರ ಹೆಸರೂ ಬರುವುದಿಲ್ಲ. ಓದಿದ ಮೇಲೆ ಇದು ತಮ್ಮನ್ನೇ ಕುರಿತು ಬರೆದದ್ದು ಅಂತ ಊರಿನಲ್ಲಿ ಹತ್ತಾರು ಜನ ಅಂದುಕೊಂಡರೆ ಅಂದುಕೊಳ್ಳಲಿ.

ಊರು ಗೊತ್ತಿಲ್ಲದವರಿಗೆ ಎರಡು ಮಾತು. ಬೆಂಗಳೂರು–ಮೈಸೂರು ಹಳೇ ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿದ ಮೇಲೆ ರುದ್ರಾಕ್ಷಿಪುರದಲ್ಲಿ ತಿರುಗಿದರೆ ಹನ್ನೆರಡು ಕಿಲೋಮೀಟರ್ ಆಸುಪಾಸು. ಪಕ್ಕದಲ್ಲೇ ಶಿಂಷಾ ಹೊಳೆ. ಚಳಿಗಾಲ ಶುರುವಾದಾಗ ಹೆಜ್ಜಾರ್ಲೆ, ಅದರ ಹಿಂದೆ ಬಣ್ಣದ ಕೊಕ್ಕರೆ ಬಂದು ಮನೆ ಅಂಗಳದ ಹುಣಸೆ, ಅರಳಿ ಮರಗಳಲ್ಲಿ ಗೂಡು ಕಟ್ಟಿ, ಮರಿ ದೊಡ್ಡದು ಮಾಡಿಕೊಂಡು ಮುಂಗಾರಿನ ಹೊತ್ತಿಗೆ ಹೊರಡುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಲೇ ನಮ್ಮವರ ಲೆಕ್ಕ. ಸುಮಾರು 1916ರಲ್ಲಿ ಪ್ಲೇಗು ಬಂದು ಹಳೇ ಊರು ಬಿಟ್ಟು ಜನ ಇಲ್ಲಿಗೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಅಂತ ಹಿರಿಯರು ಹೇಳುತ್ತಾರೆ. ಅರಣ್ಯಾಧಿಕಾರಿಯಾಗಿದ್ದ ಎಸ್.ಜಿ. ನೇಗಿನಹಾಳ 1976ರಲ್ಲಿ ಈ ಗೂಡುಗಳ ವಿಷಯವನ್ನು ಹೊರಗಿನವರಿಗೆ ತಿಳಿಸಿದರು. ತೊಂಬತ್ತರ ದಶಕದಲ್ಲಿ ಮೈಸೂರಿನ ಕೆ. ಮನು ಊರಿನ ಹುಡುಗರನ್ನು ಕಟ್ಟಿಕೊಂಡು ‘ಹೆಜ್ಜಾರ್ಲೆ ಬಳಗ’ ಮಾಡಿದರು, ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಉಳಿಸಿದರು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಹೊರಗಿನವರು ಕ್ಯಾಮೆರಾ ಹಿಡಿದು ನಮ್ಮ ಹಿತ್ತಲ ಮರ ನೋಡಲು ಬರುವುದು ನಮಗೆ ಹಳೇ ಅಭ್ಯಾಸ. ನಮ್ಮನ್ನು ನಾವೇ ತೋರಿಸಿಕೊಳ್ಳುವುದು ಮಾತ್ರ ಹೊಸದು. ಅದರಲ್ಲಿ ಒಬ್ಬೊಬ್ಬರ ವರಸೆ ಒಂದೊಂದು ಥರ.

ಮುದುಕರಿಗೆ ಮೊಬೈಲ್ ಬರೋದಿಲ್ಲ, ಹುಡುಗರಿಗೆ ಮೊಬೈಲ್ ಬಿಟ್ಟು ಬೇರೇನೂ ಬರೋದಿಲ್ಲ, ಇದು ಎಲ್ಲರ ಬಾಯಲ್ಲಿರುವ ಮಾತು. ಅಂಗಡಿಯಲ್ಲಿ ಕೂತು ನೋಡಿದರೆ ನನಗೆ ಬೇರೆಯೇ ಕಾಣುತ್ತದೆ. ಅಜ್ಜಿ, ಮೊಮ್ಮಗಳು ಇಬ್ಬರೂ ಹೆಚ್ಚುಕಡಿಮೆ ಒಂದೇ ಥರ. ಬೇರೆ ಥರ ಇರುವವರು ನಡುವಿನವರು, ಅಂದರೆ ನನ್ನ ಓರಗೆಯವರು.

ಅಜ್ಜಿಯಿಂದಲೇ ಶುರು ಮಾಡುತ್ತೇನೆ. 2018ರಲ್ಲಿ ಜಿಯೊದ ಕೀಪ್ಯಾಡ್ ಸೆಟ್ಟಿಗೂ ವಾಟ್ಸಾಪ್ ಬಂತು. ಅಲ್ಲಿಯವರೆಗೆ ಹಸಿರು ಗುಂಡಿ ಒತ್ತಿ ‘ಹಲೋ’ ಅನ್ನುವುದಷ್ಟೇ ಗೊತ್ತಿದ್ದ ಹೆಂಗಸರ ಕೈಗೆ ಮೈಕಿನ ಗುರುತು ಸಿಕ್ಕಿತು. ಓದು ಬರದಿದ್ದರೂ ನಡೆಯುತ್ತದೆ, ಗುರುತು ಒತ್ತಿ ಹಿಡಿದು ಮಾತಾಡಿ ಕೈ ಬಿಟ್ಟರೆ ಹೋಯಿತು. ನಮ್ಮ ಬೀದಿಯ ಒಬ್ಬ ದೊಡ್ಡವ್ವನ ಸೆಟ್ಟಿನಲ್ಲಿ ಇರುವುದು ಮೂರು ಜನರ ಮಾತುಕತೆ. ಕೆಂಗೇರಿಯಲ್ಲಿರುವ ಮಗಳು, ಮಳವಳ್ಳಿಯಲ್ಲಿರುವ ತಂಗಿ, ಹಾಸ್ಟೆಲಿನಲ್ಲಿರುವ ಮೊಮ್ಮಗಳು. ಆ ಮೂವರ ಹೆಸರಿನ ಜಾಗದಲ್ಲಿ ಫೋಟೊ ಇದೆ, ಅದನ್ನು ನೋಡಿಯೇ ಯಾರು ಅಂತ ತಿಳಿಯಬೇಕು. ಮಗಳೇನಾದರೂ ಡಿಪಿ ಬದಲಾಯಿಸಿ ಹೂವಿನ ಚಿತ್ರ ಇಟ್ಟರೆ ದೊಡ್ಡವ್ವ ಅಂಗಡಿಗೆ ಬಂದು ‘ನನ್ ಮಗಳು ಕಳೆದೋಗವ್ಳೆ, ಹುಡುಕ್ಕೊಡು’ ಅನ್ನುತ್ತದೆ.

ಆಕೆ ಒಮ್ಮೆ ಅಂಗಡಿಯಲ್ಲೇ ನಿಂತು ವಾಯ್ಸ್ ಹಾಕಿತು. ‘ಬಂದವೆ ಕಣವ್ವ, ನಮ್ ಹುಣ್ಸೇಮರಕ್ಕೇ ಬಂದವೆ, ಕಡ್ಡಿ ತಂದ್ ತಂದ್ ಇಕ್ಕತಾವೆ. ಹಕ್ಕಿಗೋಳೇ ಬಂದ್ವು, ನೀನ್ಯಾವಾಗ್ ಬಂದೀಯೆ?’ ಅಷ್ಟೇ. ಮಗಳ ಉತ್ತರ ಬಂದಾಗ ಸ್ಪೀಕರಿಗೆ ಹಾಕಿ ನನಗೂ ಕೇಳಿಸಿತು. ಮುಂದೆ ಮರಿ ಮಾಡಿದ ಮೇಲೆ ಕಳಿಸಿದ ವಾಯ್ಸಿನಲ್ಲಿ ಹಿಂದೆ ಮರಿಗಳ ಗಲಾಟೆ ಜೋರಾಗಿ ಕೇಳುತ್ತಿತ್ತಂತೆ. ದೊಡ್ಡ ಹೆಜ್ಜಾರ್ಲೆ ಹೆಚ್ಚು ಸದ್ದು ಮಾಡುವ ಹಕ್ಕಿಯಲ್ಲ, ಗೂಡಿನ ತುಂಬ ಕೂಗುವುದು ಮರಿಗಳೇ. ‘ಎಷ್ಟ್ ಮರಿ ಆದ್ವವ್ವಾ’ ಅಂತ ಮಗಳು ಅಲ್ಲಿಂದಲೇ ಕೇಳಿದಳಂತೆ. ಇದರಲ್ಲಿ ಲೈಕಿಲ್ಲ, ವ್ಯೂಸಿಲ್ಲ, ಮೂರನೆಯವರಿಗೆ ಗೊತ್ತೇ ಆಗುವುದಿಲ್ಲ.

ಇನ್ನು ನಡುವಿನವರು. ನಮಗೆ ಮೊದಲು ಸಿಕ್ಕಿದ್ದು ಫೇಸ್‌ಬುಕ್. ಓದಿದವರಿಗೆ ಅದಕ್ಕೂ ಮೊದಲು ಆರ್ಕುಟ್ ಇತ್ತು. 2014ರಲ್ಲಿ ಅದು ಮುಚ್ಚಿತು. 2017ರ ಫೆಬ್ರುವರಿಯಲ್ಲಿ ವಾಟ್ಸಾಪಿಗೆ ಇಪ್ಪತ್ನಾಲ್ಕು ಗಂಟೆ ಇದ್ದು ಮಾಯವಾಗುವ ಸ್ಟೇಟಸ್ ಬಂತು. ಆಮೇಲೆ ನಮ್ಮವರನ್ನು ಹಿಡಿಯುವವರಿಲ್ಲ. ಹುಟ್ಟುಹಬ್ಬಕ್ಕೆ ಸ್ಟೇಟಸ್ಸು, ಮದುವೆ ದಿನಕ್ಕೆ ಸ್ಟೇಟಸ್ಸು, ತಿಥಿಗೆ ಸ್ಟೇಟಸ್ಸು, ಬೋರ್‌ವೆಲ್ಲಿನಲ್ಲಿ ನೀರು ಬಿದ್ದರೆ ಸ್ಟೇಟಸ್ಸು. ಸರ್ಕಲ್ಲಿನಲ್ಲಿ ಕಟ್ಟಿದ ಫ್ಲೆಕ್ಸಿನ ಫೋಟೊ ತೆಗೆದು ಅದನ್ನೂ ಸ್ಟೇಟಸ್ಸಿಗೆ ಇಡುತ್ತಾರೆ. ಫ್ಲೆಕ್ಸಿನಲ್ಲಿ ತಮ್ಮ ಫೋಟೊ ಎಷ್ಟನೇ ಸಾಲಿನಲ್ಲಿದೆ ಅಂತ ಬೆರಳಲ್ಲಿ ದೊಡ್ಡದು ಮಾಡಿ ನೋಡಬೇಕು.

ಇದನ್ನು ಆಡಂಬರ ಅಂತ ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಇದು ಮುಯ್ಯಿ. ನಮ್ಮ ಕಡೆ ಮದುವೆ ಮನೆಯಲ್ಲಿ ಒಬ್ಬರು ಪುಸ್ತಕ ಬಿಚ್ಚಿಕೊಂಡು ಕೂತಿರುತ್ತಾರೆ. ಹೆಸರು, ಊರು, ಎಷ್ಟು ಅಂತ ಬರೆದಿಟ್ಟುಕೊಳ್ಳುತ್ತಾರೆ. ನಾಳೆ ಅವರ ಮನೆ ಮದುವೆಗೆ ಅಷ್ಟನ್ನಾದರೂ ತಿರುಗಿಸಬೇಕು, ಒಂದು ರೂಪಾಯಿ ಜಾಸ್ತಿಯೇ ಇರಲಿ. ಸ್ಟೇಟಸ್ ಕೆಳಗಿನ ಕಣ್ಣಿನ ಗುರುತು ಒತ್ತಿದರೆ ನೋಡಿದವರ ಪಟ್ಟಿ ಬರುತ್ತದಲ್ಲ, ನನ್ನ ಓರಗೆಯವರು ಅದನ್ನು ಓದುವುದು ಆ ಪುಸ್ತಕ ಓದುವ ಹಾಗೆಯೇ. ‘ನೋಡವ್ನೆ, ಒಂದು ವಿಶ್ ಮಾಡ್ಲಿಲ್ಲ ನೋಡು. ಅವ್ನ್ ಮಗನ್ ಬರ್ತ್‌ಡೇಗೆ ನಾನು ಸ್ಟೇಟಸ್ ಹಾಕಿದ್ದೆ.’ ಈ ಮಾತು ನನ್ನ ಅಂಗಡಿಯಲ್ಲಿ ವಾರಕ್ಕೊಮ್ಮೆಯಾದರೂ ಬರುತ್ತದೆ. ಭಾವಮೈದುನರಿಬ್ಬರು ಇದಕ್ಕಾಗಿ ಮಾತು ಬಿಟ್ಟದ್ದೂ ಉಂಟು. ಹದಿನೆಂಟರ ಹುಡುಗನಿಗೆ ಇದು ಹುಚ್ಚಾಟ. ಅವನಿಗೆ ಮುಯ್ಯಿಯ ಹೊರೆ ಇನ್ನೂ ಹೆಗಲಿಗೆ ಬಿದ್ದಿಲ್ಲ. ಅಜ್ಜಿ ಅದನ್ನು ಮಗನ ಹೆಗಲಿಗೆ ಇಳಿಸಿ ಆರಾಮಾಗಿದೆ. ಸಂಬಂಧಗಳನ್ನು ಹೊತ್ತು ನಿಂತಿರುವವರು ನಲವತ್ತರವರು. ಅವರ ಸ್ಟೇಟಸ್ಸು ಅವರ ಹಾಜರಿ.

ಒಂದು ತಮಾಷೆ ಹೇಳಬೇಕು. ‘ಬ್ಲೂ ಟಿಕ್ ಬರದಂಗೆ ಮಾಡಿಕೊಡು’ ಅಂತ ಬರುವವರು ಇದ್ದಾರೆ. ಆ ಸೆಟ್ಟಿಂಗು ಇದೆ, ಮಾಡಿಕೊಡುತ್ತೇನೆ. ಎರಡು ದಿನಕ್ಕೆ ವಾಪಸ್ ಬರುತ್ತಾರೆ. ನಮ್ಮದು ಬೇರೆಯವರಿಗೆ ಕಾಣದ ಹಾಗೆ ಮಾಡಿದರೆ ಬೇರೆಯವರದು ನಮಗೂ ಕಾಣುವುದಿಲ್ಲ. ನಮ್ಮ ಸ್ಟೇಟಸ್ಸನ್ನು ಯಾರು ನೋಡಿದರು ಎನ್ನುವ ಪಟ್ಟಿಯೂ ಹೋಗಿಬಿಡುತ್ತದೆ. ‘ಹಂಗಾರೆ ಮೊದಲಿನಂಗೇ ಇರ್ಲಿ ಬುಡು.’

ತಲೆಮಾರಿನ ವ್ಯತ್ಯಾಸ ನನ್ನ ಕಣ್ಣಿಗೆ ರಾಚಿದ್ದು 2019ರ ಲೋಕಸಭಾ ಚುನಾವಣೆಯಲ್ಲಿ. ಮಂಡ್ಯದಲ್ಲಿ ನಿಖಿಲ್ ಕುಮಾರಸ್ವಾಮಿ, ಪಕ್ಷೇತರರಾಗಿ ಸುಮಲತಾ ಅಂಬರೀಶ್. ‘ಜಾಗ್ವಾರ್’ ಚಿತ್ರದ ಕಾಲದ ಒಂದು ಕಾರ್ಯಕ್ರಮದಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ವೇದಿಕೆಯಿಂದ ಮಗನನ್ನು ಕರೆದಿದ್ದ ತುಣುಕು ಹೊರಗೆ ಬಂತು. ‘ನಿಖಿಲ್ ಎಲ್ಲಿದೀಯಪ್ಪಾ’ ಎನ್ನುವುದು ರಾತ್ರೋರಾತ್ರಿ ರಾಜ್ಯಕ್ಕೆಲ್ಲ ಹರಡಿತು. ಹುಡುಗರು ಅದನ್ನು ನೂರು ಥರ ಮಾಡಿದರು. ಎತ್ತು ತಪ್ಪಿಸಿಕೊಂಡರೆ, ಬಸ್ಸು ತಡವಾದರೆ, ಕ್ಲಾಸಿಗೆ ಮೇಷ್ಟ್ರು ಬರದಿದ್ದರೆ ಎಲ್ಲದಕ್ಕೂ ಅದೇ. ಅವರಿಗೆ ಅದರಲ್ಲಿ ಪಕ್ಷವೂ ಇರಲಿಲ್ಲ, ಸೇಡೂ ಇರಲಿಲ್ಲ. ಅದೇ ವಿಡಿಯೊ ನಲವತ್ತರವರ ಗುಂಪಿಗೆ ಬಂದಾಗ ಅದು ‘ನಮ್ಮವರು’, ‘ಅವರ ಕಡೆಯವರು’ ಅಂತ ಎರಡಾಗಿ, ಯಾರು ನಕ್ಕರು ಯಾರು ನಗಲಿಲ್ಲ ಅಂತ ಲೆಕ್ಕ ಶುರುವಾಯಿತು. ಎಷ್ಟೋ ಜನ ಗುಂಪು ಬಿಟ್ಟರು. ತಾತಂದಿರು? ಅಪ್ಪ ಮಗನನ್ನು ಕರೆದರೆ ಅದರಲ್ಲಿ ನಗುವಂಥದ್ದು ಏನಿದೆ ಅಂತ ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ‘ಮಗನ್ ಕರ್ದವ್ನೆ, ತಪ್ಪೇನ್ಲಾ?’ ಅಂತ ಒಬ್ಬರು ನನ್ನನ್ನೇ ಗದರಿದರು. ಚುನಾವಣೆಯಲ್ಲಿ ಸುಮಲತಾ ಒಂದೂಕಾಲು ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಮೀಮಿನಿಂದ ಗೆದ್ದರು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮಂಡ್ಯದವರು ಓಟು ಹಾಕುವಾಗ ಅಷ್ಟು ಹಗುರದ ಜನ ಅಲ್ಲ.

ಹಿರಿಯ ಗಂಡಸರ ಬಗ್ಗೆ ಒಂದು ದೂರಿದೆ, ಸುಳ್ಳು ಸುದ್ದಿ ಹರಡುವುದು ಅವರೇ ಅಂತ. ಅಮೆರಿಕದ 2016ರ ಚುನಾವಣೆಯ ಹೊತ್ತಿನ ಫೇಸ್‌ಬುಕ್ ಬಳಕೆಯನ್ನು ನೋಡಿ 2019ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಅರವತ್ತೈದು ದಾಟಿದವರು ಸುಳ್ಳು ಸುದ್ದಿಯ ಕೊಂಡಿಗಳನ್ನು ತೀರ ಕಿರಿಯರಿಗಿಂತ ಸುಮಾರು ಏಳು ಪಟ್ಟು ಹೆಚ್ಚು ಹಂಚಿದ್ದರು ಅಂತ ಹೇಳಿತ್ತು. ಆದರೆ 2018ರ ಜುಲೈಯಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅಂತ ವಾಟ್ಸಾಪ್ ಗುಲ್ಲೆದ್ದು, ಹೈದರಾಬಾದಿನಿಂದ ಬಂದಿದ್ದ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರನ್ನು ಜನ ಹೊಡೆದು ಕೊಂದಾಗ ಆ ಗುಂಪಿನಲ್ಲಿದ್ದವರೆಲ್ಲ ಮುದುಕರೇನೂ ಅಲ್ಲ. ಅದೇ ತಿಂಗಳು ವಾಟ್ಸಾಪಿನವರು ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ಕಟ್ಟು ಹಾಕಿದರು. 2020ರಲ್ಲಿ, ಬಹಳ ಸಲ ಕೈ ಬದಲಾದ ಮೆಸೇಜಾದರೆ ಒಂದೇ ಕಡೆಗೆ ಅಂತ ಬಿಗಿ ಮಾಡಿದರು. ‘ಯಾಕೆ ಹೋಗ್ತಿಲ್ಲ, ಸೆಟ್ಟು ಕೆಟ್ಟಿದೆಯಾ’ ಅಂತ ನನ್ನಲ್ಲಿಗೆ ಬಂದವರಲ್ಲಿ ಹೆಚ್ಚಿನವರು ತಾತಂದಿರು, ಅದು ನಿಜ.

ಹಾಗಂತ ಅವರನ್ನು ದಡ್ಡರೆಂದು ಬಗೆಯುವುದು ಸುಲಭ. ಅವರು ನಂಬುವುದು ಸುದ್ದಿಯನ್ನಲ್ಲ, ಕಳಿಸಿದ ನೆಂಟನನ್ನು. ಸೋದರಳಿಯ ಕಳಿಸಿದ್ದಾನೆ ಅಂದಮೇಲೆ ಸುಳ್ಳು ಯಾಕಿರುತ್ತದೆ? 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ನಮ್ಮೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬಿದ್ದವು. ಹತ್ತಾರು ಹಕ್ಕಿ. ಮೊಬೈಲಿನಲ್ಲಿ ಮೊದಲು ಬಂದದ್ದು ಹಕ್ಕಿಜ್ವರ ಅಂತ. ಆಮೇಲೆ ಯಾರೋ ಕೆರೆಗೆ ವಿಷ ಹಾಕಿದ್ದಾರೆ ಅಂತ. ಪರೀಕ್ಷೆ ಮಾಡಿದವರು ಕಂಡದ್ದು ಹಕ್ಕಿಗಳ ಹೊಟ್ಟೆಯೊಳಗೆ ಗಂಟುಗಂಟಾಗಿ ಜಂತುಹುಳು, ತಿಂದ ಮೀನಿನ ಮೂಲಕ ಒಳಗೆ ಹೋದದ್ದು. ಹೆಜ್ಜಾರ್ಲೆ ನಮ್ಮ ಕೆರೆಗಳ ಮೀನನ್ನೇ ತಿನ್ನುವ ಹಕ್ಕಿ, ಆದ್ದರಿಂದ ದೂರು ಕೊನೆಗೆ ನೀರಿನ ಕಡೆಗೇ ತಿರುಗಿತು. ಆಗ ಹಿರಿಯರೊಬ್ಬರು ಗುಂಪಿನಲ್ಲಿ ಬಂದ ವಿಷದ ಸುದ್ದಿಯನ್ನು ಮುಂದೆ ಕಳಿಸದೆ ನೇರ ಮರದ ಬುಡಕ್ಕೆ ಹೋಗಿ, ಬಿದ್ದಿದ್ದ ಹಕ್ಕಿಯನ್ನು ಕೋಲಿನಿಂದ ಮಗುಚಿ ನೋಡಿ ಬಂದು ‘ಇಸ ಅಲ್ಲ ಕಣ್ಲಾ, ಒಣಗ್ಕೊಂಡ್ ಸತ್ತದೆ’ ಅಂದರು. ಕಣ್ಣೆದುರಿಗಿನ ವಿಷಯವಾದರೆ ಅವರನ್ನು ಯಾರೂ ಯಾಮಾರಿಸಲಾರರು. ದೂರದ ಊರಿನದಾದರೆ ಮಾತ್ರ ನೆಂಟನ ಮಾತೇ ಗತಿ.

ಈಚೆಗೆ ಕಳ್ಳರಿಗೂ ಈ ಗುಟ್ಟು ಗೊತ್ತಾಗಿದೆ. ಮದುವೆ ಆಮಂತ್ರಣ ಅಂತ ಒಂದು ಫೈಲು ಬರುತ್ತದೆ. ಫೋಟೊವೂ ಅಲ್ಲ, ಪಿಡಿಎಫ್ಫೂ ಅಲ್ಲ, ಹೆಸರಿನ ಕೊನೆಯಲ್ಲಿ ‘ಎಪಿಕೆ’ ಅಂತ ಇರುತ್ತದೆ. ಒತ್ತಿದರೆ ಅದೊಂದು ಆ್ಯಪ್. ಒಳಗೆ ಕೂತು ಓಟಿಪಿ ಓದಿ ಬ್ಯಾಂಕು ಬರಿದು ಮಾಡುತ್ತದೆ. ಇದಕ್ಕೆ ಹೆಚ್ಚು ಬೀಳುವವರು ಅಜ್ಜಿಯರೂ ಅಲ್ಲ, ಹುಡುಗರೂ ಅಲ್ಲ. ಬಂದ ಲಗ್ನಪತ್ರಿಕೆ ತೆರೆಯದಿದ್ದರೆ ಯಾರು ಏನಂದುಕೊಳ್ಳುತ್ತಾರೋ ಎಂಬ ನಲವತ್ತರವರು. ದುಡ್ಡು ಹೋದರೆ ಅಳುತ್ತಾ ಕೂರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ ಅಂತ ಅಂಗಡಿ ಗೋಡೆಗೆ ಬರೆದು ಅಂಟಿಸಿದ್ದೇನೆ. ಗಂಟೆಯೊಳಗೆ ಮಾಡಿದರೆ ದುಡ್ಡನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮಕ್ಕಳ ಕೈಗೆ ಸೆಟ್ಟು ಬಂದದ್ದು 2020ರಲ್ಲಿ, ಕೊರೊನಾ ಶಾಲೆಗಳನ್ನು ಮುಚ್ಚಿಸಿದಾಗ. ಪಾಠಕ್ಕೆ ಅಂತ ಕೊಂಡದ್ದು, ಪಾಠ ಮುಗಿದ ಮೇಲೆ ವಾಪಸ್ ಕೊಡಲಿಲ್ಲ. ಅದೇ ವರ್ಷ ಜೂನ್ 29ಕ್ಕೆ ಸರ್ಕಾರ ಟಿಕ್‌ಟಾಕ್ ಬಂದ್ ಮಾಡಿತು. ಮರುತಿಂಗಳೇ ಇನ್‌ಸ್ಟಾಗ್ರಾಮಿನಲ್ಲಿ ರೀಲ್ಸ್ ಬಂತು. ಖಾತೆ ತೆರೆಯಲು ಹದಿಮೂರು ತುಂಬಿರಬೇಕು ಅಂತ ಅವರದೇ ನಿಯಮ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರಿನಿಂದ ಹದಿನಾರು ತುಂಬದವರಿಗೆ ಖಾತೆಯೇ ಇಲ್ಲ ಅಂತ ಕಾನೂನಾಗಿದೆ. ನಮ್ಮಲ್ಲಿ ಆರನೇ ಕ್ಲಾಸಿನ ಮಕ್ಕಳ ಇನ್‌ಸ್ಟಾದಲ್ಲಿ ಹುಟ್ಟಿದ ಇಸವಿ ನೋಡಿದರೆ ಅವರಿಗೆ ಈಗಾಗಲೇ ಮದುವೆ ವಯಸ್ಸು.

ಈ ಮಕ್ಕಳನ್ನು ನೋಡಿ ‘ಎಲ್ಲಾನೂ ತೋರಿಸ್ಕೊಳ್ತಾರೆ’ ಅನ್ನುವುದು ದೊಡ್ಡವರ ವಾಡಿಕೆ. ಸುಳ್ಳು. ಹತ್ತಿರದಿಂದ ನೋಡಿ. ಕಾಲೇಜಿಗೆ ಹೋಗುವ ಒಬ್ಬ ಹುಡುಗಿ ಹೆಜ್ಜಾರ್ಲೆ ಮರಿಗೆ ಉಣಿಸುವ ರೀಲ್ಸ್ ಮಾಡಿದಳು. ತಾಯಿಹಕ್ಕಿ ಬಾಯಿ ತೆರೆದರೆ ಮರಿ ತಲೆಯನ್ನೇ ಅದರ ಗಂಟಲಚೀಲದೊಳಗೆ ತೂರಿಸಿಬಿಡುತ್ತದೆ, ಅದರ ವಿಡಿಯೊ. ಗುರುತಿಲ್ಲದ ಸಾವಿರಾರು ಜನ ನೋಡಿದರು. ಅದರಲ್ಲಿ ಅವಳ ಮುಖವಿಲ್ಲ, ಮನೆ ಇಲ್ಲ, ಧ್ವನಿಯೂ ಇಲ್ಲ. ಅವಳದೇ ಇನ್ನೊಂದು ಖಾತೆ ಇದೆ, ಬೀಗ ಹಾಕಿದ್ದು. ಅದರಲ್ಲಿರುವವರು ಕೈಬೆರಳಲ್ಲಿ ಎಣಿಸುವಷ್ಟು ಗೆಳತಿಯರು. ಅಳು, ಬೈಗುಳ, ಫೇಲಾದ ಸಬ್ಜೆಕ್ಟು, ಇಷ್ಟವಾದ ಹುಡುಗ ಎಲ್ಲ ಅಲ್ಲಿ. ಅಲ್ಲಿಯೂ ಬರೆಯುವುದು ಕಡಿಮೆ, ವಾಯ್ಸೇ ಜಾಸ್ತಿ. ಅವಳ ಅಪ್ಪನ ಖಾತೆಯಲ್ಲಾದರೆ ಮನೆಯ ಕುಕ್ಕರಿನಿಂದ ಹಿಡಿದು ಅವಳ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನವರೆಗೆ ಊರಿಗೆಲ್ಲ ಕಾಣುತ್ತದೆ. ಅವಳಿಗೆ ಅದೇ ದೊಡ್ಡ ನಾಚಿಕೆ.

ಈಗ ಪಕ್ಕದಲ್ಲಿ ಅಜ್ಜಿಯನ್ನು ಇಟ್ಟು ನೋಡಿ. ಮನೆಯಲ್ಲಿ ಕೂಸು ಹುಟ್ಟಿದರೆ ಅಪ್ಪ ಆಸ್ಪತ್ರೆಯಿಂದಲೇ ಫೋಟೊ ಹಾಕಲು ಕೈ ತುರಿಸಿಕೊಳ್ಳುತ್ತಾನೆ. ಅಜ್ಜಿ ಬಿಡುವುದಿಲ್ಲ, ದೃಷ್ಟಿಯಾಗುತ್ತದೆ. ಅತ್ತೆ ಸ್ಥಾನದ ಹುಡುಗಿಯೂ ಬಿಡುವುದಿಲ್ಲ. ಅವಳ ಕಾರಣ ಪ್ರೈವಸಿ. ಕೊನೆಗೆ ಕೂಸಿನ ಮುಖಕ್ಕೆ ಒಂದು ಕೆಂಪು ಹೃದಯ ಅಂಟಿಸಿ ಹಾಕುತ್ತಾರೆ. ಅದು ಕಾಡಿಗೆ ಬೊಟ್ಟಿನ ಕೆಲಸವನ್ನೇ ಮಾಡುತ್ತದೆ ಅಂತ ಅಜ್ಜಿಗೂ ಸಮಾಧಾನ. ಹೆಜ್ಜಾರ್ಲೆಯ ವಿಷಯದಲ್ಲೂ ಹೀಗೇ. ಮರ ಯಾವುದು, ಗೂಡು ಎಲ್ಲಿ ಅಂತ ಲೊಕೇಶನ್ ಸಮೇತ ಹಾಕುವವರು ನನ್ನ ಓರಗೆಯವರು, ನಾಲ್ಕು ಕಾರು ಬಂದರೆ ಊರಿಗೆ ಒಳ್ಳೆಯದು ಅಂತ. ಆ ಹುಡುಗಿ ರೀಲ್ಸಿಗೆ ‘ಕರ್ನಾಟಕ’ ಅಂತ ಅಷ್ಟೇ ಹಾಕಿದ್ದಳು. ಯಾಕಮ್ಮ ಅಂದರೆ, ‘ಡ್ರೋನ್ ತಗೊಂಡು ಬರ್ತಾರೆ ಅಂಕಲ್, ಮರಿ ಬಿದ್ದೋಗ್ತವೆ.’ ಅವಳಜ್ಜಿ ಅದಕ್ಕೆ, ‘ಬಾಣಂತಿ ಕ್ವಾಣೆಗೆ ಯಾರಾದ್ರೂ ಜನ ನುಗ್ಗುಸ್ತಾರಾ?’

ಎಲ್ಲ ಹುಡುಗರೂ ಹೀಗೆ ಅಂತ ನಾನು ಹೇಳುವುದಿಲ್ಲ. ಬೈಕಿನ ಮೇಲೆ ನಿಂತು ರೀಲ್ಸ್ ಮಾಡಿ ಹಲ್ಲು ಮುರಿದುಕೊಂಡವರೂ ನಮ್ಮೂರಿನ ಸುತ್ತಮುತ್ತಲೇ ಇದ್ದಾರೆ. ರಾತ್ರಿ ಎರಡು ಗಂಟೆಗೆ ಮೆಸೇಜು ನೋಡಿ ಬೆಳಗ್ಗೆ ಕ್ಲಾಸಿನಲ್ಲಿ ತೂಕಡಿಸುವವರಿಗಂತೂ ಲೆಕ್ಕವಿಲ್ಲ.

ಅಪ್ಪಂದಿರು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳುವುದುಂಟು, ‘ನಮ್ ಹುಡುಗೀದು ಇನ್ನೊಂದು ಇನ್‌ಸ್ಟಾ ಅದೆಯಂತೆ, ಒಸಿ ಹುಡುಕ್ಕೊಡಿ.’ ಆಗಲ್ಲ ಅಂತೀನಿ. ‘ಖಾತೆ ಮಾಡೋಕೆ ನಂಬರ್ ಬೇಕಲ್ವಾ? ಮನೇಲಿರೋ ಸಿಮ್ಮೆಲ್ಲ ನನ್ ಹೆಸರಲ್ಲೇ ಅವೆ, ನನ್ ಸೆಟ್ಟಿಗೆ ಯಾವ ಓಟಿಪಿನೂ ಬಂದಿಲ್ಲ’ ಅಂತ ಒಬ್ಬರು ವಾದ ಹೂಡಿದರು. ಮನೆಯಲ್ಲಿ ಇನ್ನೊಂದು ಸಿಮ್ಮು ಇದೆ, ಜಗಲಿಯ ಮೇಲೆ ಕೂತಿರುವವರ ಸೊಂಟದ ಚೀಲದಲ್ಲಿ. ಅದಕ್ಕೆ ತಿಂಗಳು ತಿಂಗಳು ತಪ್ಪದೆ ಕರೆನ್ಸಿ ಹಾಕಿಸಿಕೊಂಡು ಹೋಗುವುದು ಮೊಮ್ಮಗಳು. ಒಂದು ಮನೆಯ ಕಥೆಯಲ್ಲ ಇದು. ಅಪ್ಪಂದಿರು ಇದನ್ನೋದಿ ಈಗ ಅವ್ವನ ಸೆಟ್ಟು ತಡಕಾಡಲು ಹೋಗಬೇಡಿ. ಓಟಿಪಿ ಬಂದ ಕೂಡಲೇ ಓದಿ ಹೇಳಿ ಅಳಿಸಿಹಾಕುವುದನ್ನು ಮೊಮ್ಮಕ್ಕಳು ಅಜ್ಜಿಯರಿಗೆ ಕಲಿಸಿ ಬಹಳ ಕಾಲವಾಯಿತು.